ಫರ್ನಾಂಡಿಸ್ ಯಾರ ಹೆಸರು?

ಕಳೆದ ವರ್ಷ ಗೆಳತಿಯೊಬ್ಬಳ ಜೊತೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆ ಯಜಮಾನರು ಒಳ್ಳೆಯ ಜನ. ಕಾಫಿ ಕೊಟ್ಟರು. ಕಾವೇರಿ ನೀರು ಯಾವ ದಿನ ಬರುತ್ತೆ, ಬೋರ್ ನೀರು ಹೇಗಿದೆ ಎಲ್ಲ ಹೇಳಿದರು. ಅಡ್ವಾನ್ಸ್ ಮಾತು ಮುಗಿದು, ಅಗ್ರಿಮೆಂಟಿಗೆ ಹೆಸರು ಬರೆದುಕೊಳ್ಳುವ ಹೊತ್ತಿಗೆ ಅವರ ಪೆನ್ನು ನಿಂತಿತು. "ಫರ್ನಾಂಡಿಸ್ ಅಂದ್ರೆ... ಎಲ್ಲಿಯವರಮ್ಮ ನೀವು?" "ಮಂಗಳೂರು ಸರ್." "ಅದು ಸರಿ. ಅದಕ್ಕೂ ಮುಂಚೆ?" ಅವಳು ನಗುತ್ತಲೇ ಹೇಳಿದಳು, "ಅದಕ್ಕೂ ಮುಂಚೆ ನಮ್ಮಪ್ಪ, ನಮ್ಮಜ್ಜ, ಅವರಜ್ಜ, ಎಲ್ಲ ಮಂಗಳೂರೇ ಸರ್." ಅವರು ತಲೆಯಾಡಿಸಿದರು. ಆದರೂ "ಹೆಸರು ಫಾರಿನ್ ಥರ ಇದೆ, ಅದಕ್ಕೆ ಕೇಳಿದೆ" ಅಂದರು.

ಅವಳಿಗೆ ಇದು ಅಭ್ಯಾಸ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಇದೇ ಕೇಳಿದ್ದಾರಂತೆ. ತುಳು, ಕೊಂಕಣಿ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡುವ ಹುಡುಗಿ, ತಾನು ಇಲ್ಲಿಯವಳು ಅಂತ ಹೆಸರು ಬರೆಯುವಾಗಲೆಲ್ಲ ಹೇಳಬೇಕು. ಅವಳು ಅದನ್ನು ಅಲ್ಲಿಗೇ ಬಿಟ್ಟಳು. ನನಗೆ ಬಿಡಲಾಗಲಿಲ್ಲ. "ಅದಕ್ಕೂ ಮುಂಚೆ?" ಅನ್ನೋ ಪ್ರಶ್ನೆಯನ್ನ ಅವಳಿಗಲ್ಲ, ಆ ಹೆಸರಿಗೇ ಕೇಳಿದರೆ ಏನು ಉತ್ತರ ಬರುತ್ತೆ ಅಂತ ಹುಡುಕುತ್ತಾ ಹೋದೆ. ಪೋರ್ಚುಗಲ್ ಅಂತ ಎಲ್ಲರಿಗೂ ಗೊತ್ತು. ಪೋರ್ಚುಗಲ್‌ಗೂ ಮುಂಚೆ?

ಗೋಥರು ಬಿಟ್ಟು ಹೋದದ್ದು

ಫರ್ನಾಂಡಿಸ್ ಅಂದರೆ ಫರ್ನಾಂಡೋವಿನ ಮಗ. ರೊಡ್ರಿಗೊನ ಮಗ ರೊಡ್ರಿಗಸ್, ಗೊನ್ಸಾಲೊನ ಮಗ ಗೊನ್ಸಾಲ್ವಿಸ್, ಇದೂ ಹಾಗೆಯೇ. ಆ ಫರ್ನಾಂಡೋ ಮೂಲದಲ್ಲಿ ಜರ್ಮಾನಿಕ್ ಹೆಸರು. ಜರ್ಮನ್ನರು ಫರ್ಡಿನಾಂಡ್ ಅನ್ನೋದು ಇದನ್ನೇ. ಆದರೆ ಹೆಸರು ಹುಟ್ಟಿದ್ದು ಈಗಿನ ಜರ್ಮನಿಯಲ್ಲಲ್ಲ. ಅದು ಗೋಥರು ಅನ್ನುವ ಹಳೆಯ ಜರ್ಮಾನಿಕ್ ಜನಾಂಗದ್ದು, ಅದರಲ್ಲೂ ಪಶ್ಚಿಮದ ಗೋಥರದು, ಅಂದರೆ ವಿಸಿಗೋಥರದು. 410ರಲ್ಲಿ ಅಲಾರಿಕ್‌ನ ಜೊತೆ ಹೋಗಿ ರೋಮ್ ನಗರವನ್ನು ಲೂಟಿ ಮಾಡಿದವರು ಇವರೇ. ಆಮೇಲೆ ಫ್ರಾನ್ಸಿನ ದಕ್ಷಿಣದಲ್ಲಿ ನೆಲೆ ಕಂಡರು, ಅಲ್ಲಿಂದ ಸ್ಪೇನಿಗೆ ಇಳಿದರು, ಟೊಲೆಡೊದಲ್ಲಿ ಕೂತು ರಾಜ್ಯ ಆಳಿದರು. 711ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೈನ್ಯದ ಎದುರು ಆ ರಾಜ್ಯ ಬಿದ್ದುಹೋಯಿತು.

ಗೋಥರು ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ, ಸ್ಪೇನಿನ ಜನರಲ್ಲಿ ಬೆರೆತುಹೋದರು. ಭಾಷೆ ಮಾತ್ರ ಸತ್ತಿತು. ನಾಲ್ಕನೇ ಶತಮಾನದಲ್ಲಿ ವುಲ್ಫಿಲ ಅನ್ನುವ ಬಿಷಪ್ ಗೋಥಿಕ್ ಭಾಷೆಗೆ ಬೈಬಲ್ ತಂದಿದ್ದ. ಅದರ ಒಂದು ಪ್ರತಿ, ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿ ಶಾಯಿಯಲ್ಲಿ ಬರೆದದ್ದು, ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅದೂ ಪೂರ್ತಿ ಉಳಿದಿಲ್ಲ. ಅಂಥ ಭಾಷೆಯ ಹೆಸರುಗಳು ಮಾತ್ರ ಸ್ಪೇನ್, ಪೋರ್ಚುಗಲ್‌ನಲ್ಲಿ ಇವತ್ತಿಗೂ ಮನೆಮನೆಯಲ್ಲಿವೆ. ಫರ್ನಾಂಡೋ, ರೊಡ್ರಿಗೊ, ಅಲ್ಫಾನ್ಸೊ, ಆಲ್ವಾರೊ, ಗೊನ್ಸಾಲೊ, ಎಲ್ವಿರಾ, ಎಲ್ಲವೂ ಅವರದೇ. ಎಲ್ವಿರಾ ಅಂತ ಮಂಗಳೂರಿನ ಕಡೆ ಹಳೆಯ ತಲೆಮಾರಿನ ಎಷ್ಟು ಹೆಂಗಸರಿದ್ದಾರೆ, ಅಲ್ವಾ? ಇನ್ನು ಅಲ್ಫಾನ್ಸೊ ಅಂತೂ ಧಾರವಾಡದ ಮಾವಿನ ತೋಟಕ್ಕೇ ಬಂದಿದೆ. 1510ರಲ್ಲಿ ಗೋವಾ ಗೆದ್ದ ಅಫೋನ್ಸೊ ಡಿ ಅಲ್ಬುಕರ್ಕ್‌ನ ಹೆಸರನ್ನು ಒಂದು ಕಸಿ ಮಾವಿಗೆ ಇಟ್ಟರು, ಅದು ಜನರ ಬಾಯಲ್ಲಿ ಆಪೂಸ್ ಆಯಿತು. ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಕೊಳ್ಳುವ ನಮ್ಮ ಆಪೂಸ್ ಹಣ್ಣಿನ ಹೆಸರಿನ ಬೇರು ಗೋಥರ ತನಕ ಹೋಗುತ್ತೆ.

ಫರ್ನಾಂಡೋಗೆ ಅರ್ಥ ಏನು ಅಂದರೆ, ಹಳೆಯ ಜರ್ಮಾನಿಕ್ ಹೆಸರುಗಳೆಲ್ಲ ಹೆಚ್ಚಾಗಿ ಎರಡು ತುಂಡು ಜೋಡಿಸಿ ಮಾಡಿದವು. ಇದರ ಎರಡನೇ ತುಂಡು ಧೈರ್ಯ, ಎದೆಗಾರಿಕೆ. ಅದರಲ್ಲಿ ಜಗಳವಿಲ್ಲ. ಮೊದಲನೆಯದಕ್ಕೆ ಎರಡು ಮತ ಇದೆ. ಶಾಂತಿ ಅಂತ ಕೆಲವರು, ಪ್ರಯಾಣ ಅಂತ ಇನ್ನು ಕೆಲವರು. ನನಗೆ ಪ್ರಯಾಣವೇ ಹಿಡಿಸಿತು. ವಿದ್ವಾಂಸರ ವಾದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಈ ಹೆಸರು ತಿರುಗಿದ ದಾರಿ ನೋಡಿ ಹಾಗನ್ನಿಸಿತು, ಅಷ್ಟೇ.

ಸ್ಪೇನಿನಿಂದ ವಿಯೆನ್ನಾಕ್ಕೆ

ಸ್ಪೇನಿನಲ್ಲಿ ಹೆಸರು ಬೆಳೆದದ್ದು ರಾಜರಿಂದ. ಹತ್ತನೇ ಶತಮಾನದಲ್ಲಿ ಕಸ್ಟೀಲ್‌ನ ಫೆರ್ನಾನ್ ಗೊನ್ಸಾಲೆಸ್, ಆಮೇಲೆ ಸಾಲುಸಾಲು ಫರ್ನಾಂಡೋಗಳು. ಅವರಲ್ಲಿ ಮೂರನೆಯವನು 1236ರಲ್ಲಿ ಕೊರ್ದೊಬಾ, 1248ರಲ್ಲಿ ಸೆವಿಲ್ಲೆ ಗೆದ್ದ. ಅವನಿಗೆ 1671ರಲ್ಲಿ ಸಂತ ಪದವಿಯೂ ಸಿಕ್ಕಿತು. ರಾಜನೂ ಹೌದು, ಸಂತನೂ ಹೌದು ಅಂದಮೇಲೆ ಮಕ್ಕಳಿಗೆ ಆ ಹೆಸರು ಇಡದೆ ಇರುತ್ತಾರಾ? ಕಸ್ಟೀಲ್‌ನವರ ಬಾಯಲ್ಲಿ ಮೊದಲಿನ ಫಕಾರ ಹಕಾರವಾಗಿ ಹೆರ್ನಾಂಡೊ ಅನ್ನುವ ಇನ್ನೊಂದು ರೂಪವೂ ಹುಟ್ಟಿತು. ನಮ್ಮ ಪಾಲು ಹಾಲು ಆಯಿತಲ್ಲ, ಪುಲಿ ಹುಲಿ ಆಯಿತಲ್ಲ, ಅದನ್ನು ಕಂಡ ಕನ್ನಡಿಗರಿಗೆ ಇದೇನೂ ಆಶ್ಚರ್ಯದ ಮಾತಲ್ಲ. ಇವತ್ತು ಮೆಕ್ಸಿಕೊದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮನೆತನದ ಹೆಸರು ಹೆರ್ನಾಂಡೆಸ್.

ಈಗ ಬರೋದು ನನ್ನನ್ನು ತುಂಬಾ ಹೊತ್ತು ಕೂರಿಸಿ ಯೋಚಿಸುವಂತೆ ಮಾಡಿದ ವಿಷಯ. ಜರ್ಮನ್ ಮಾತಾಡುವ ನಾಡಿಗೆ ಈ ಹೆಸರು ಅಜ್ಜ ಮುತ್ತಜ್ಜರಿಂದ ಬಂದದ್ದಲ್ಲ. ಸ್ಪೇನಿನಿಂದ ಬಂತು. ಕೊಲಂಬಸ್‌ನನ್ನು ಕಳಿಸಿದ ಫರ್ಡಿನಾಂಡ್, ಇಸಬೆಲ್ಲಾ ದಂಪತಿಯ ಮೊಮ್ಮಕ್ಕಳಲ್ಲಿ ಇಬ್ಬರು ಅಣ್ಣತಮ್ಮಂದಿರು. ದೊಡ್ಡವನು ಚಾರ್ಲ್ಸ್, ಬೆಳೆದದ್ದು ಈಗಿನ ಬೆಲ್ಜಿಯಂ ಕಡೆ. ಚಿಕ್ಕವನು 1503ರಲ್ಲಿ ಸ್ಪೇನಿನ ಆಲ್ಕಲಾದಲ್ಲಿ ಹುಟ್ಟಿ ಅಲ್ಲೇ ಬೆಳೆದ, ಅವನಿಗೆ ಅಜ್ಜನ ಹೆಸರೇ ಇಟ್ಟಿದ್ದರು. ಆದರೆ ಸ್ಪೇನಿನ ಪಟ್ಟ ದೊಡ್ಡವನಿಗೆ ಹೋಯಿತು. ಸ್ಪೇನಿನಲ್ಲೇ ಬೆಳೆದ ಚಿಕ್ಕವನನ್ನು ಊರು ಬಿಡಿಸಿ ಕಳಿಸಿದರು, 1521ರಲ್ಲಿ ಆಸ್ಟ್ರಿಯಾ ಅವನ ಪಾಲಿಗೆ ಬಂತು. ಮುಂದೆ ಅವನು ಚಕ್ರವರ್ತಿಯೂ ಆದ. ಆಸ್ಟ್ರಿಯಾ ಆಳಿದ ಹಾಬ್ಸ್‌ಬರ್ಗ್ ಮನೆತನದಲ್ಲಿ ಫರ್ಡಿನಾಂಡ್ ಅನ್ನುವ ಹೆಸರು ಬೇರೂರಿದ್ದು ಹೀಗೆ. ಅರಮನೆಯಿಂದ ಅಧಿಕಾರಿಗಳ ಮನೆಗೆ, ಅಲ್ಲಿಂದ ಪಾದ್ರಿ, ಮೇಷ್ಟ್ರು, ವ್ಯಾಪಾರಿಗಳ ಮನೆಗೆ ಇಳಿಯುತ್ತಾ ಬಂತು.

1510ರಲ್ಲಿ ಪೋರ್ಚುಗೀಸರು ಗೋವಾಕ್ಕೆ. 1521ರಲ್ಲಿ ಫರ್ಡಿನಾಂಡ್ ಆಸ್ಟ್ರಿಯಾಕ್ಕೆ. ಈ ಎರಡು ಇಸವಿಯನ್ನು ಪಕ್ಕ ಪಕ್ಕ ಇಟ್ಟು ನೋಡಿ. ಕೊಂಕಣದ ಕರಾವಳಿಗೂ ವಿಯೆನ್ನಾಕ್ಕೂ ಈ ಹೆಸರು ಬಂದದ್ದು ಹೆಚ್ಚೂಕಮ್ಮಿ ಒಂದೇ ಕಾಲದಲ್ಲಿ, ಒಂದೇ ಪರ್ಯಾಯ ದ್ವೀಪದಿಂದ. ಒಂದು ಉತ್ತರಕ್ಕೆ ಹೋಯಿತು, ಇನ್ನೊಂದು ಹಡಗಿನಲ್ಲಿ ಇತ್ತ ಬಂತು. ಆದರೆ ಆಸ್ಟ್ರಿಯಾದಲ್ಲಿ ಫರ್ಡಿನಾಂಡ್ ಅನ್ನುವವನನ್ನು ನಿಲ್ಲಿಸಿ "ನೀವು ಸ್ಪೇನಿನವರಾ?" ಅಂತ ಯಾರೂ ಕೇಳಲ್ಲ. ಅವನು ಅಪ್ಪಟ ಜರ್ಮನ್ ಹೆಸರಿನವನು. 1914ರ ಜೂನ್ 28ರಂದು ಸರಾಯೆವೊದಲ್ಲಿ ಗುಂಡಿಗೆ ಬಲಿಯಾದ ಫ್ರಾಂಜ್ ಫರ್ಡಿನಾಂಡ್, ಕಾರು ಮಾಡಿದ ಫರ್ಡಿನಾಂಡ್ ಪೋರ್ಶೆ, ಗಾಳಿಹಡಗು ಹಾರಿಸಿದ ಫರ್ಡಿನಾಂಡ್ ಫಾನ್ ಜೆಪ್ಪೆಲಿನ್, ಯಾರ ಹೆಸರನ್ನೂ ನಾವು ಪರದೇಶಿ ಅನ್ನಲ್ಲ. ಅದೇ ಹೆಸರು ಹೊತ್ತ ಮಂಗಳೂರಿನವಳಿಗೆ ಮಾತ್ರ "ಅದಕ್ಕೂ ಮುಂಚೆ?" ಅನ್ನೋ ಪ್ರಶ್ನೆ. ಇದು ನ್ಯಾಯ ಅಂತ ನನಗೆ ಅನಿಸೋದಿಲ್ಲ.

ಹಂಪಿಗೆ ಬಂದ ಫೆರ್ನಾಂವ್

ಪೋರ್ಚುಗೀಸರಲ್ಲಿ ಹಳೆಯ ರೂಪ ಫೆರ್ನಾಂವ್. ಭೂಮಿ ಸುತ್ತಲು ಹೊರಟು 1521ರಲ್ಲಿ ಫಿಲಿಪೈನ್ಸ್‌ನಲ್ಲಿ ಸತ್ತ ಮೆಗಲನ್ ಅವರ ಭಾಷೆಯಲ್ಲಿ ಫೆರ್ನಾಂವ್. ನಮಗೆ ಅವನಿಗಿಂತ ಹತ್ತಿರದ ಫೆರ್ನಾಂವ್ ಒಬ್ಬನಿದ್ದಾನೆ. ಹೈಸ್ಕೂಲಿನಲ್ಲಿ ವಿಜಯನಗರದ ಪಾಠ ಓದಿದ ಎಲ್ಲರಿಗೂ "ಪಾಯಸ್ ಮತ್ತು ನ್ಯೂನಿಜ್" ನೆನಪಿರುತ್ತಾರೆ. ಒಂದು ಅಂಕದ ಪ್ರಶ್ನೆಗೆ ತಪ್ಪದೆ ಬರುವ ಜೋಡಿ. ಆ ನ್ಯೂನಿಜ್‌ನ ಪೂರ್ತಿ ಹೆಸರು ಫೆರ್ನಾಂವ್ ನ್ಯೂನಿಜ್. ಕುದುರೆ ವ್ಯಾಪಾರಿ. 1530ರ ದಶಕದಲ್ಲಿ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ.

ಅವನು ಬರೆದಿಟ್ಟ ವೃತ್ತಾಂತವನ್ನು ಈಗಲೂ ಓದಬಹುದು, ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ಮಾಡಿ ಪ್ರಕಟಿಸಿದ. ಕುದುರೆಯವನ ಕಣ್ಣು ಅದರಲ್ಲಿ ಎದ್ದು ಕಾಣುತ್ತೆ. ರಾಯ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ, ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಮಿಕ್ಕಿದ್ದನ್ನು ನಾಯಕರಿಗೆ ಕೊಡುತ್ತಿದ್ದ ಅನ್ನುತ್ತಾನೆ. ಇನ್ನೂ ಹಿಂದಿನ ಸಾಳುವ ನರಸಿಂಹನ ಬಗ್ಗೆ ಒಂದು ಮಾತು ಬರುತ್ತೆ. ಆ ರಾಜನಿಗೆ ಕುದುರೆ ಎಷ್ಟು ಬೇಕಿತ್ತು ಅಂದರೆ ಹಡಗಿನಲ್ಲಿ ದಾರಿಯಲ್ಲೇ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ವ್ಯಾಪಾರಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು. ಇಂಥ ವಿವರ ಯಾವ ಶಾಸನದಲ್ಲೂ ಸಿಗಲಿಕ್ಕಿಲ್ಲ. ನಮ್ಮ ನಾಡಿನ ದೊಡ್ಡ ರಾಜ್ಯವೊಂದರ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿ ಈ ಫೆರ್ನಾಂವ್‌ನ ಕೈಬರಹದಿಂದ ಬಂದದ್ದು.

ಬಾಯಮ್ಮನ ಮನೆಯ ಕಬ್ಬು

ನಾನು ಬೆಳೆದದ್ದು ಕಿನ್ನಿಗೋಳಿ ಹತ್ತಿರ. ನಮ್ಮ ಗದ್ದೆಯ ಆಚೆ ಬದಿಗೆ ಕ್ರಿಶ್ಚಿಯನ್ನರ ಮನೆ. ಆ ಮನೆಯವರೂ ಫರ್ನಾಂಡಿಸ್. ಆದರೆ ಆ ಹೆಸರನ್ನು ಊರಲ್ಲಿ ಯಾರೂ ಬಳಸುತ್ತಿರಲಿಲ್ಲ, ಪೋಸ್ಟ್‌ಮ್ಯಾನ್ ಒಬ್ಬರನ್ನು ಬಿಟ್ಟು. ಮನೆಯ ಹಿರಿಯರಿಗೆ ನಮ್ಮಜ್ಜ "ಪೊರ್ಬುಲೆ" ಅನ್ನುತ್ತಿದ್ದರು, ಅವರ ಹೆಂಡತಿ ನಮಗೆಲ್ಲ ಬಾಯಮ್ಮ. ಸೆಪ್ಟೆಂಬರ್ 8ಕ್ಕೆ ಅವರ ಮೊಂತಿ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ಯಬೇಕು. ಬಾಯಮ್ಮನ ಮೊಮ್ಮಕ್ಕಳು ಬೆಳಿಗ್ಗೆ ಬೆಳಿಗ್ಗೆ ತಟ್ಟೆ ಹಿಡಿದು ನಮ್ಮ ಅಂಗಳಕ್ಕೆ ಬಂದುಬಿಡುತ್ತಿದ್ದರು. ದಾಸವಾಳ, ಗೋರಂಟಿ, ಡೇಲಿಯಾ, ಬೇಲಿ ಬದಿಯ ಕಾಡುಹೂ ಏನು ಸಿಕ್ಕರೂ ಸರಿ. ಅಮ್ಮ "ದೇವರ ಪೂಜೆಗೆ ನಾಲ್ಕು ಬಿಡಿ ಮಕ್ಕಳೇ" ಅಂತ ಒಳಗಿಂದಲೇ ಕೂಗುತ್ತಿದ್ದಳು. ಅವರು ನಾಲ್ಕು ಬಿಡುತ್ತಿದ್ದರು, ಎಣಿಸಿ ನಾಲ್ಕು.

ಹಬ್ಬದ ದಿನ ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಪ್ರಾರ್ಥನೆ ಆಗಿ ಮನೆಮನೆಗೆ ಬರುತ್ತಿತ್ತು, ಮಕ್ಕಳಿಗೆ ಕಬ್ಬು ಕೊಡುತ್ತಿದ್ದರು. ಬಾಯಮ್ಮ ತೆನೆಯನ್ನು ದೇವರ ಪಟದ ಮುಂದೆ ಇಟ್ಟು, ಆಮೇಲೆ ಕಾಳು ಬಿಡಿಸಿ, ಉಗುರಿನಿಂದ ಸಿಪ್ಪೆ ತೆಗೆಯುತ್ತಿದ್ದರು. ಎಳೆಯ ಅಕ್ಕಿ, ಹಸಿರು ಇನ್ನೂ ಪೂರ್ತಿ ಬಿಟ್ಟಿರುತ್ತಿರಲಿಲ್ಲ. ಅದನ್ನು ಜಜ್ಜಿ ಹಾಲಿಗೆ ಹಾಕಿ ಮನೆಯ ಎಲ್ಲರಿಗೂ ಒಂದೊಂದು ಗುಟುಕು. ಅವತ್ತು ಆ ಮನೆಯಲ್ಲಿ ಮೀನು ಇಲ್ಲ, ಮಾಂಸ ಇಲ್ಲ, ಬರೀ ತರಕಾರಿ ಊಟ. ನಮ್ಮ ಮನೆಯಲ್ಲೂ ಆಸುಪಾಸಿನಲ್ಲೇ ತೆನೆ ತಂದು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಿದ್ದೆವು. ಎರಡು ಮನೆಯ ತೆನೆಯೂ ಒಂದೇ ಬಯಲಿನದು. ಅವರ ಪಾಲಿನ ಕಬ್ಬಿನಲ್ಲಿ ನನಗೂ ಒಂದು ತುಂಡು ಸಿಗುತ್ತಿತ್ತು.

ಒಂದು ಸಲ ಹಬ್ಬದ ಸಂಜೆ ಪೊರ್ಬುಲು ನಮ್ಮ ಜಗಲಿಯಲ್ಲಿ ಕೂತು ಅಜ್ಜನಿಗೆ ತಮ್ಮ ಮನೆತನದ ಕತೆ ಹೇಳಿದ್ದು ಚೆನ್ನಾಗಿ ನೆನಪಿದೆ. "ನಮ್ಮವರು ಗೋವೆಯಲ್ಲಿದ್ದಾಗ ಪ್ರಭುಗಳು. ಜ್ಞಾನಸ್ನಾನ ಕೊಟ್ಟ ಪಾದ್ರಿಯ ಹೆಸರು ಫರ್ನಾಂಡಿಸ್ ಅಂತ. ಅವರ ಹೆಸರೇ ನಮಗೂ ಬಂತು. ಆಮೇಲೆ ಅಲ್ಲಿ ಇರಲಿಕ್ಕೆ ಆಗದೆ ಈಚೆ ಬಂದರು." ಅಜ್ಜ ವೀಳ್ಯದೆಲೆಯ ತಟ್ಟೆ ಅವರ ಕಡೆ ಸರಿಸಿ, "ಹೌದಲ್ಲ, ಅದಕ್ಕೇ ನಾವು ಪೊರ್ಬುಲೆ ಅನ್ನೋದು" ಅಂದರು. ಅಷ್ಟೇ ಮಾತು. ಇಬ್ಬರಿಗೂ ಅದರಲ್ಲಿ ಸೋಜಿಗ ಏನೂ ಇದ್ದ ಹಾಗೆ ಕಾಣಲಿಲ್ಲ, ಮುಂದಿನ ಮಾತು ಏತದ ನೀರಿಗೆ ಹೋಯಿತು.

ಇಂಥ ಕತೆ ಮಂಗಳೂರಿನ ಕಥೊಲಿಕ ಮನೆಗಳಲ್ಲಿ ಬೇಕಾದಷ್ಟಿವೆ. ಗೋವಾದಲ್ಲಿ ಮತಾಂತರವಾದಾಗ ಪಾದ್ರಿಯದೋ, ಜ್ಞಾನಸ್ನಾನಕ್ಕೆ ನಿಂತ ಪೋರ್ಚುಗೀಸನದೋ ಹೆಸರು ಸಿಕ್ಕಿತು. ಪ್ರಭು, ಪೈ, ಕಾಮತ್, ಶೆಣೈ ಅನ್ನುವ ಹಳೆಯ ಹೆಸರು ಮನೆಯೊಳಗೆ ಉಳಿಯಿತು. ಇನ್‌ಕ್ವಿಸಿಶನ್ ಅನ್ನುವ ಚರ್ಚಿನ ಧರ್ಮವಿಚಾರಣೆ, ಯುದ್ಧ, ಬರ, ಹೀಗೆ ನಾನಾ ಕಾರಣಕ್ಕೆ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದರು, ಇಲ್ಲಿ ಭೂಮಿ ಹಸನು ಮಾಡಿದರು. ರಕ್ತಕ್ಕೂ ಹೆಸರಿಗೂ ಸಂಬಂಧವಿಲ್ಲ. ಸ್ಪೇನಿನ ರೈತನೊಬ್ಬ ಫರ್ನಾಂಡೋ ಆದಾಗಲೂ ಅವನ ಮೈಯಲ್ಲಿ ಗೋಥರ ರಕ್ತ ಇರಬೇಕಾಗಿರಲಿಲ್ಲ, ಅವನೂ ದೊಡ್ಡವರ ಹೆಸರು ತಗೊಂಡವನೇ. ತೂತ್ತುಕುಡಿಯ ಕರಾವಳಿಯ ಪರವ ಸಮುದಾಯದವರಲ್ಲಿ, ಶ್ರೀಲಂಕಾದ ಸಿಂಹಳೀಯರಲ್ಲಿ ಫರ್ನಾಂಡೋ ಮನೆತನಗಳು ಸಾವಿರಾರು. ಸಿಂಹಳೀಯರಲ್ಲಿ ಬೌದ್ಧ ಫರ್ನಾಂಡೋಗಳೂ ಇದ್ದಾರೆ.

ಇಬ್ಬರು ಜಾರ್ಜ್‌ಗಳು

ಇದೇ ಮಂಗಳೂರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಇನ್ನೊಂದು ದಿಕ್ಕಿನಿಂದ ಅದೇ ಹೆಸರು ಬಂತು. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಪಾದ್ರಿಯೊಬ್ಬರಿಗೆ ಮಗ ಹುಟ್ಟಿದ. ಗೆಯೊರ್ಗ್ ಫರ್ಡಿನಾಂಡ್ ಅಂತ ಹೆಸರಿಟ್ಟರು. ಅದು ಲೂಥರನ್ ಮನೆ. ಕಥೊಲಿಕ ಚಕ್ರವರ್ತಿಗಳು ತಂದ ಹೆಸರು ಅಷ್ಟು ಹೊತ್ತಿಗೆ ಪ್ರಾಟೆಸ್ಟೆಂಟರ ಮನೆಗಳಲ್ಲೂ ಸಲೀಸಾಗಿ ಓಡಾಡುತ್ತಿತ್ತು. ಆ ಹುಡುಗ 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಇಲ್ಲಿಗೆ ಬಂದ. ನಮಗೆ ಅವರು ಕಿಟ್ಟೆಲ್. ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎರಡನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳು. ಕನ್ನಡದ ಹಳೆಯ ಪದವೊಂದಕ್ಕೆ ಅನುಮಾನ ಬಂದಾಗ ಇವತ್ತಿಗೂ ಅದನ್ನು ತೆಗೆಯುತ್ತೇವೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ ಪ್ರತಿಮೆ ಇದೆ. ಫರ್ಡಿನಾಂಡ್ ಕಿಟ್ಟೆಲ್ ನಮ್ಮವರಲ್ಲ ಅಂದರೆ ಕನ್ನಡಿಗರು ಬಿಡುತ್ತಾರಾ? ಬಿಡಬಾರದು ಕೂಡ.

1930ರಲ್ಲಿ ಮಂಗಳೂರಿನಲ್ಲೇ ಇನ್ನೊಂದು ಮಗು ಹುಟ್ಟಿತು. ಜೂನ್ 3, ಬ್ರಿಟನ್ನಿನ ಐದನೇ ಜಾರ್ಜ್ ದೊರೆಯ ಹುಟ್ಟಿದ ದಿನ. ಹಾಗಾಗಿ ತಾಯಿ ಮಗನಿಗೆ ಜಾರ್ಜ್ ಅಂತ ಇಟ್ಟರು. ಮುಂದೆ 1974ರಲ್ಲಿ ದೇಶವನ್ನೇ ಅಲ್ಲಾಡಿಸಿದ ರೈಲ್ವೆ ಮುಷ್ಕರದ ನಾಯಕ, ಜಾರ್ಜ್ ಫರ್ನಾಂಡಿಸ್. ಈಗ ಎರಡು ಹೆಸರನ್ನೂ ಒಟ್ಟಿಗೆ ಓದಿ. ಗೆಯೊರ್ಗ್ ಫರ್ಡಿನಾಂಡ್, ಜಾರ್ಜ್ ಫರ್ನಾಂಡಿಸ್. ಎರಡೂ ಒಂದೇ! ಒಂದು ಜರ್ಮನಿ ಸುತ್ತಿ ಮಂಗಳೂರಿಗೆ ಬಂತು, ಇನ್ನೊಂದು ಗೋವಾ ಸುತ್ತಿ ಬಂತು. ಇದು ಹೊಳೆದ ರಾತ್ರಿ ಗೆಳತಿಗೆ ಫೋನ್ ಮಾಡಿ ಎಬ್ಬಿಸಿಯೇ ಹೇಳಿದೆ.

ಸಂತ ಬಿಟ್ಟ ಹೆಸರು

ಅವಳು ಅದಕ್ಕೆ ಇನ್ನೊಂದು ಸೇರಿಸಿದಳು. ಕೆ.ಆರ್. ನಗರದ ಹತ್ತಿರ ದೋರ್ನಹಳ್ಳಿಯ ಸಂತ ಅಂತೋಣಿ ಚರ್ಚಿಗೆ ಅವಳ ಮನೆಯವರ ಹರಕೆ ಇದೆ. ಜಾತಿ ಧರ್ಮ ನೋಡದೆ ಜನ ಸೇರುವ ಜಾಗ ಅದು, ಜೂನ್ 13ರ ಹಬ್ಬಕ್ಕಂತೂ ಕಾಲಿಡಲು ಜಾಗ ಇರಲ್ಲ. ಆ ಅಂತೋಣಿ 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಫರ್ನಾಂಡೋ. 1220ರಲ್ಲಿ ಫ್ರಾನ್ಸಿಸ್ಕನ್ನರ ಸಂಘ ಸೇರುವಾಗ ಅದನ್ನು ಬಿಟ್ಟು ಅಂತೋಣಿ ಆದರು. "ಸಂತರು ಬಿಟ್ಟ ಹೆಸರನ್ನು ನಮ್ಮವರು ಇಟ್ಟುಕೊಂಡಿದ್ದಾರೆ ಮಾರಾಯ್ತಿ" ಅಂದಳು. ಕಳೆದುಹೋದ ವಸ್ತು ಹುಡುಕಿಕೊಡುವ ಸಂತ ಅಂತ ಜನ ನಂಬುವುದು ಅವರನ್ನೇ.

ಜರ್ಮನಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಎಲ್ಲೆಲ್ಲೂ ಇದ್ದ ಫರ್ಡಿನಾಂಡ್ ಆಮೇಲೆ ಹಳಬರ ಹೆಸರಾಗಿ ಹಿಂದೆ ಸರಿಯಿತು. ಈಗ ಎಮಿಲ್, ಆಂಟೋನ್, ಓಸ್ಕರ್ ಥರದ ಅಜ್ಜಂದಿರ ಹೆಸರುಗಳು ಮತ್ತೆ ತೊಟ್ಟಿಲಿಗೆ ಬಂದಿವೆ, ಅವುಗಳ ಜೊತೆಗೆ ಅಲ್ಲೊಬ್ಬ ಇಲ್ಲೊಬ್ಬ ಫರ್ಡಿನಾಂಡ್ ಕೂಡ. ಮನೆಯಲ್ಲಿ ಕರೆಯಲು ಫೆರ್ಡಿ. ಸ್ಪೇನ್, ಪೋರ್ಚುಗಲ್, ಬ್ರೆಜಿಲ್‌ನಲ್ಲಿ ನಾಂಡೊ, ಬರ್ಲಿನ್ನಿನ ಹಳಬರಿಗೆ ನಾಂಟೆ. ಹುಡುಗಿಯರಿಗೆ ಫರ್ನಾಂಡಾ. ಮಂಗಳೂರಿನಲ್ಲಿ ಮಾತ್ರ ಇದು ಮೊದಲ ಹೆಸರಾಗಿ ತುಂಬಾ ಕಡಿಮೆ, ಮನೆತನದ ಹೆಸರಾಗಿ ಗಟ್ಟಿ. ಗೆಳತಿಯ ತಮ್ಮ ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಹೆಸರು ಕೇಳಿದವರು "ಪೋರ್ಚುಗಲ್ಲಾ?" ಅನ್ನುತ್ತಾರಂತೆ. ಅವನ ಟೀಮಿನಲ್ಲೇ ಒಬ್ಬ ಫರ್ಡಿನಾಂಡ್ ಇದ್ದಾನೆ. ಇಬ್ಬರದೂ ಒಂದೇ ಹೆಸರು ಅಂತ ಇವನು ಬಿಡಿಸಿ ಹೇಳಿದ ಮೇಲೆ ಅವನು ಇವನನ್ನು "ನಾಂಡೊ" ಅಂತಲೇ ಕೂಗುತ್ತಾನೆ.

ನನಗೆ ಒಂದು ಸಣ್ಣ ಆಸೆ ಇದೆ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಬರೀ ನ್ಯೂನಿಜ್ ಅಂತ ಹಾಕುವ ಬದಲು ಫೆರ್ನಾಂವ್ ನ್ಯೂನಿಜ್ ಅಂತ ಪೂರ್ತಿ ಹಾಕಲಿ. ಪಕ್ಕದಲ್ಲಿ ಒಂದೇ ಒಂದು ಸಾಲು ಇರಲಿ, ನಿಮ್ಮ ಕ್ಲಾಸಿನ ಫರ್ನಾಂಡಿಸ್‌ಗಳ ಹೆಸರೂ ಇದರಿಂದಲೇ ಬಂದದ್ದು, ನಿಘಂಟು ಬರೆದ ಕಿಟ್ಟೆಲ್ಲರದೂ ಇದೇ ಹೆಸರು ಅಂತ. ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಪುಸ್ತಕ ಬದಲಾಗುವ ತನಕ ಕಾಯಬೇಡಿ. ಮುಂದಿನ ಸಲ ವಿಜಯನಗರದ ಪಾಠ ಬಂದಾಗ ಬೋರ್ಡಿನ ಮೇಲೆ ನೀವೇ ಬರೆದುಬಿಡಿ.